ಫೈಲಿಗೊಂದರಂತೆ ಕಾಯುವ ಹೊತ್ತು

ವಾಡಿಯಲ್ಲಿ ನಾವು ಸಿಮೆಂಟ್ ಚೀಲ ತೂಗುವ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಸಿದ್ಧಪಡಿಸುತ್ತೇವೆ. ಯಂತ್ರ ಮೇಲಿಂದ ಮೇಲೆ ನಿಂತುಹೋಗುತ್ತಿತ್ತು. ವಾಪಸ್ ಕಳಿಸುವೆನೆಂದು ಗಿರಾಕಿ ಸಿಡುಕಿದ್ದ. ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡ್ ತೆರೆದರೆ ಹೇಸಿಗೆಯಾಯಿತು. ತೂಕ ಅಳೆಯುವ ಸೆನ್ಸರ್‌ನ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂಬ ಒಂದೇ ಸಂಖ್ಯೆಯನ್ನು ಪ್ರತಿ ಫೈಲಿನಲ್ಲೂ ಬೇರೆ ಬೇರೆ ಹೆಸರಿಟ್ಟು ಬರೆದಿದ್ದರು. ಯಾರೋ ಒಂದು ಕಡೆ ಮಾತ್ರ ಅದನ್ನು ಹೆಚ್ಚಿಸಿ, ಉಳಿದವನ್ನು ಹಾಗೇ ಬಿಟ್ಟಿದ್ದರು. ಒಂದು ಫೈಲು ಇನ್ನೂ ಕಾಯುತ್ತಿರುವಾಗಲೇ ಇನ್ನೊಂದು ಕೈಬಿಟ್ಟು ಯಂತ್ರವನ್ನು ನಿಲ್ಲಿಸುತ್ತಿತ್ತು. ನಕಲುಗಳನ್ನೆಲ್ಲ ಅಳಿಸಿ, ಸಂಖ್ಯೆಯನ್ನು ನನ್ನ ಒಂದು ಫೈಲಿನಲ್ಲಿ ಮಾತ್ರ ಇಟ್ಟು, ಉಳಿದವೆಲ್ಲ ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡಿದೆ. ಯಂತ್ರ ಸರಾಗವಾಗಿ ತೂಗತೊಡಗಿತು.

ಮರುದಿನ ನೋಡಿದರೆ, ಚಿತ್ತಾಪುರದಿಂದ ಬರುವ ಹಿರಿಯ ಸಹೋದ್ಯೋಗಿ ತಮ್ಮ ಫೈಲಿಗೆ ಹಳೆಯ ಸಂಖ್ಯೆಯನ್ನೇ ಮತ್ತೆ ತುರುಕಿದ್ದರು!

“ಏನ್ರಿ ಯಜಮಾನ್ರ, ಇದೇನ್ ಹೊಲಸು?”

“ನಂದು ನನ್ನ ಬಲ್ಲಿ ಇರ್ಲಿ. ನಿಮ್ಮ ಫೈಲ್ ನಾಳಿ ಯಾರರ ಖರಾಬ್ ಮಾಡಿದ್ರ?”

“ಭಾಳ ಛಲೋ. ಯಂತ್ರ ಮತ್ತ ನಿಂತ್ರ ಜವಾಬು ನೀವೇ ಕೊಡ್ರಿ. ಗಿರಾಕಿಗಿ ಫೋನ್ ಹಚ್ಚಲಿಕತ್ತೀನಿ.”

“ಏ ತಡೀರಿ, ಅಳಸ್ಲಿಕತ್ತೀನಿ!”

ಅವರು ಅಳಿಸುವವರೆಗೂ ನಾನು ಅವರ ಕುರ್ಚಿಯ ಹಿಂದಿನಿಂದ ಕದಲಲಿಲ್ಲ.