ಕೊನೆಯವರ ಪಾಲಿನ ನೀರು

ಮಾರ್ಚ್ ೨, ಭಾನುವಾರ, ಬೆಳಿಗ್ಗೆ ೫-೪೦. ಇದೇ ಹೊತ್ತಿಗೆ ನಾವು ಸೈಕಲ್ ಹತ್ತುತ್ತಿದ್ದೆವು. ಅದಕ್ಕೇ ಬರೆಯಲು ಈಗ ಕುಳಿತೆ.

ನಮ್ಮ ಸರ್ ಅವರ ಬಲಗಾಲಿನ ಮೀನಖಂಡದ ಮೇಲೆ ಐದು ಕಪ್ಪು ಚುಕ್ಕೆಗಳು ಕಮಾನಿನಂತೆ ಸಾಲಾಗಿದ್ದವು. ಎಂದೋ ಬಿದ್ದಾಗ ಪೆಡಲಿನ ಚಕ್ರದ ಹಲ್ಲುಗಳು ಊರಿದ ಗುರುತು. ಗಾಯದೊಳಗೆ ಹೋದ ಚೈನಿನ ಎಣ್ಣೆ ಹಚ್ಚೆಯಂತೆ ಉಳಿದುಬಿಟ್ಟಿತ್ತು. ಹೊಸದಾಗಿ ಸೇರಿದವರಿಗೆಲ್ಲ ಪ್ಯಾಂಟು ಮಡಚಿ ಅದನ್ನು ತೋರಿಸುತ್ತಿದ್ದರು. “ಇದು ನನ್ನ ಸರ್ಟಿಫಿಕೇಟು. ನಿಮ್ಮವು ತೋರಿಸ್ರಿ ನೋಡಾಣ” ಅನ್ನುವರು. ನಮ್ಮ ಕಾಲಲ್ಲಿ ಏನೂ ಇರುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಅವರು ನಮ್ಮ ಪಿ.ಟಿ. ಸರ್. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಹಿಂದಿನ ಮನೆಯಲ್ಲಿ ತಮ್ಮ ಅಕ್ಕನ ಜೊತೆ ಇದ್ದರು. ಭಾನುವಾರ ಬಂತೆಂದರೆ ಗೇರ್ ಸೈಕಲ್ ಇದ್ದ ನಮ್ಮಂಥ ಐದಾರು ಮಂದಿಯನ್ನು ಊರ ಹೊರಗೆ ಕರೆದೊಯ್ಯುತ್ತಿದ್ದರು. ಡಾಂಬರು ರಸ್ತೆ ಅವರಿಗೆ ಆಗದು. “ಡಾಂಬರಿನ ಮ್ಯಾಲೆ ಎಮ್ಮಿನೂ ಓಡತೈತಿ. ಗರಸಿನಾಗ ಹೊಡೀರಿ” ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಬಿಟ್ಟುಹೋದ ಬಯಲು, ಅದರಲ್ಲಿ ಕುರಿ ನಡೆದು ಬಿದ್ದ ದಾರಿ, ಆಮೇಲೆ ಕೆರೆಯ ಏರಿ, ಬಳ್ಳಾರಿ ಜಾಲಿಯ ನಡುವೆ ಸಡಿಲ ಸಣ್ಣಕಲ್ಲಿನ ಗರಸು ಹಾದಿ. ಕೊನೆಗೆ ಗಾಳಿಯಂತ್ರದ ಕಂಪನಿಯವರು ಕಡಿದ ಏರು ರಸ್ತೆ. ಅದನ್ನು ನಾವು ಫ್ಯಾನ್ ಗುಡ್ಡ ಅನ್ನುತ್ತಿದ್ದೆವು. ಗರಸಿನಲ್ಲಿ ಮುಂದಿನ ಗಾಲಿ ನಮ್ಮ ಮಾತು ಕೇಳುವುದಿಲ್ಲ. ಬ್ರೇಕು ಹಿಡಿದರೆ ಬೀಳುತ್ತೀರಿ, ಹೆದರಿದರೂ ಬೀಳುತ್ತೀರಿ.

ಹೊರಡುವ ಮುಂಚೆ ಅವರು ನಮ್ಮೆಲ್ಲರ ನೀರಿನ ಬಾಟಲಿ ಇಸಿದುಕೊಂಡು ಚೀಲಕ್ಕೆ ತುಂಬಿ, ತಮ್ಮ ಮೊಪೆಡ್ಡಿನ ಮುಂದಿಟ್ಟುಕೊಂಡು ಗುಡ್ಡದ ತಲೆಗೆ ಹೋಗಿ ನಿಲ್ಲುತ್ತಿದ್ದರು. ನೀರು ಬೇಕಿದ್ದವರು ಅಲ್ಲಿಗೇ ಹೋಗಬೇಕು. ಬಂದ ಬಂದವರಿಗೆ ಅವರವರ ಬಾಟಲಿ ಕೊಡುವರು. ಎಲ್ಲರಿಗಿಂತ ಕೊನೆಗೆ ಬಂದವರ ಬಾಟಲಿಯ ಮುಚ್ಚಳ ತೆಗೆದು, ಅವರ ಕಣ್ಣೆದುರೇ, ಅವಸರವಿಲ್ಲದೆ, ನೆಲಕ್ಕೆ ಸುರಿಯುವರು. ಬೇರೆ ಯಾರೂ ತಮ್ಮದರಲ್ಲಿ ಹನಿ ಕೊಡಕೂಡದು. ಕೊಟ್ಟರೆ ಮುಂದಿನ ವಾರ ಅವರದೂ ನೆಲಕ್ಕೆ.

ಮೊದಲ ನಾಲ್ಕು ಭಾನುವಾರ ನಾನೇ ಕೊನೆ. ನಾಲಿಗೆ ಅಂಗುಳಕ್ಕೆ ಅಂಟಿ, ಮಾತಾಡಲೂ ಆಗದೆ ನಿಂತಿದ್ದೆ. ಅವರು ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟು, “ನಿನ್ನ ಪಾಲಿಂದು ನೆಲ ಕುಡೀತು. ನಿನಗಿಂತ ಅದು ಮುಂಚೆ ಬಂದಿತ್ತು” ಎಂದರು. ಉಳಿದವರು ನಕ್ಕರು. ನಗದಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ.

ಹೊರಟ ಹೊತ್ತು, ತಲುಪಿದ ಹೊತ್ತು, ಎಷ್ಟನೆಯವಳು ಎಂಬುದನ್ನೆಲ್ಲ ನಾನು ಮನೆಗೆ ಬಂದು ಡೈರಿಯಲ್ಲಿ ಬರೆಯುತ್ತಿದ್ದೆ. ಅದು ಅವರಿಗೆ ಗೊತ್ತಾದ ಮೇಲೆ ನನ್ನ ಹೆಸರೇ ಹೋಯಿತು. “ಏ ಶಾನುಭೋಗ, ಇವತ್ತೂ ಕೊನೀಗೇ ಬಂದೀನಿ ಅಂತ ಬರಕೋ. ಚಂದಾಗಿ ಬರಿ, ಅಕ್ಷರ ದುಂಡಗಿರಲಿ.”

ಒಮ್ಮೆ ಧೈರ್ಯ ಮಾಡಿ ಕೇಳಿದೆ. “ಯಾಕ್ರಿ ಸರ್ ಹಿಂಗ ಮಾಡ್ತೀರಿ?”

“ನಂದೂ ಒಬ್ರು ಹಿಂಗ ಚೆಲ್ಲಿದ್ರು. ಹೊಳಲು ಊರು ದಾಟಿ, ಹೊಳಿ ದಂಡಿಗೆ. ಎದುರಿಗೇ ಹೊಳಿ ತುಂಬಿ ಹರೀತಿತ್ತು. ಮುಟ್ಟಂಗಿಲ್ಲ ಅಂದ್ರು.”

“ಯಾರ್ರಿ ಅವರು?”

“ಇದನ್ನ ಬರಕೋಬ್ಯಾಡ. ಸೈಕಲ್ ಹತ್ತು.”

ನನ್ನ ಓಣಿಯ ಗೆಳತಿಯೊಬ್ಬಳು ನಮ್ಮ ಜೊತೆ ಬರುತ್ತಿದ್ದಳು. ನನ್ನನ್ನು ಈ ಸವಾರಿಗೆ ಸೇರಿಸಿದವಳೂ ಅವಳೇ. ಒಂದು ಭಾನುವಾರ ಏರಿಯ ಮೇಲೆ ಅವಳ ಸೈಕಲ್ಲಿನ ಚೈನು ಕಳಚಿ ಹಿಂದಿನ ಗೇರಿಗೆ ಸಿಕ್ಕಿಕೊಂಡಿತು. ಉಳಿದವರು ಮುಂದೆ ಹೋಗಿದ್ದರು. ನಮ್ಮಿಬ್ಬರ ಹಿಂದೆ ಯಾರೂ ಇರಲಿಲ್ಲ. “ತಡಿಯೇ, ಸೈಕಲ್ ಒಂಚೂರು ಹಿಡಕೋ” ಎಂದಳು. ನಿಂತರೆ ಇಬ್ಬರಲ್ಲಿ ಒಬ್ಬಳು ಕೊನೆ, ಯಾರೆಂದು ಹೇಳಲಾಗದು. ನಿಲ್ಲದಿದ್ದರೆ ಕೊನೆ ಅವಳೇ. ನಾನು ನಿಲ್ಲಲಿಲ್ಲ.

ಅವಳು ಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಸೈಕಲ್ ತಳ್ಳುತ್ತ ಗುಡ್ಡ ಹತ್ತಿ ಬಂದಾಗ ನಾನು ನೀರು ಕುಡಿಯುತ್ತಿದ್ದೆ. ಸರ್ ಅವಳ ಬಾಟಲಿ ಬಗ್ಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಈಗ ಬಂತು ನೋಡು ನಿನಗ ಸೈಕಲ್ಲು” ಎಂದರು. ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅವತ್ತು ರಾತ್ರಿ ಅದರ ಕೆಳಗೆ ಎರಡು ಗೆರೆ ಎಳೆದೆ. ಇಳಿಯುವಾಗ ಗೆಳತಿ ಕೇಳಿದ್ದು ಒಂದೇ ಮಾತು: “ನೀರು ರುಚಿ ಇತ್ತೇನೇ?” ಮುಂದಿನ ಭಾನುವಾರದಿಂದ ಅವಳು ಬರಲಿಲ್ಲ. ನಾನೂ ಮತ್ತೆಂದೂ ಕೊನೆಗೆ ಬರಲಿಲ್ಲ.

ಡಿಗ್ರಿ ಮುಗಿಸಿ ನಾನು ಮನೆಯಲ್ಲಿದ್ದಾಗ ಸರ್ ಅವರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಹರಪನಹಳ್ಳಿಗೆ ಡಯಾಲಿಸಿಸ್. ಕಾಲು ಬಾತು, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮೀನಖಂಡದ ಐದು ಚುಕ್ಕೆಗಳು ಆ ಬಾವಿನಲ್ಲಿ ಹಿಗ್ಗಿ ಮಸುಕಾದವು. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನ ಮೇಲೆ ಒಳಗೆ ಹೋಗಕೂಡದು, ಹೋದರೆ ನೀರು ಎದೆಗೆ ತುಂಬುತ್ತದೆ ಎಂದರು ಡಾಕ್ಟರು.

ಅವರು ನನ್ನನ್ನು ಕರೆಸಿದರು. ಸೈಕಲ್ಲಿನ ಬಾಟಲಿಯೊಂದನ್ನು ನನ್ನ ಮುಂದಿಟ್ಟರು. “ದಿನಾ ಇದರಾಗ ಎಷ್ಟೈತೋ ಅಷ್ಟಽ. ಅಳತಿ ನಿನ್ನ ಕೈಯಾಗಿರಲಿ.”

“ಅಕ್ಕಾರು ಅದಾರಲ್ರಿ ಸರ್.”

“ಅಕ್ಕಗ ಕರುಳೈತಿ, ಕೊಟ್ಟುಬಿಡ್ತಾಳ. ನಿನಗಿಲ್ಲ. ನಾನಽ ಕಿತ್ತೀನಿ.” ನಕ್ಕರು. “ನಾ ಕೇಳ್ತೀನಿ. ಬೈತೀನಿ. ಅಳ್ತೀನೇನೋ. ಕೊಡಬ್ಯಾಡ.”

ಬಾಟಲಿಯ ಮೇಲೆ ಉಗುರಿನ ಬಣ್ಣದಿಂದ ಗೆರೆ ಹಾಕಿದೆ. ಕುಡಿದಷ್ಟನ್ನೂ ಹೊತ್ತು ಸಮೇತ ಬರೆದೆ. ಅವರು ಕಳ್ಳತನಕ್ಕೆ ಇಳಿದರು. ಬಾಯಿ ಮುಕ್ಕಳಿಸಲು ಕೊಟ್ಟದ್ದನ್ನು ನುಂಗುತ್ತಿದ್ದರು. ಮುಖ ಒರೆಸಿಕೊಳ್ಳಲು ಕೊಟ್ಟ ಒದ್ದೆ ಟವಲನ್ನು ಬಾಯಲ್ಲಿಟ್ಟು ಹೀರುತ್ತಿದ್ದರು. ಟವಲು ಕಿತ್ತುಕೊಂಡೆ. “ಭೇಷ್ ಶಾನುಭೋಗ” ಎಂದರು, ಆದರೆ ಕಣ್ಣು ಟವಲಿನ ಮೇಲೇ ಇತ್ತು.

ಯುಗಾದಿ ಆದ ಮೇಲಿನ ಒಂದು ಮಧ್ಯಾಹ್ನ. ಕರೆಂಟು ಇರಲಿಲ್ಲ. ಬಾಟಲಿ ಹನ್ನೆರಡಕ್ಕೇ ಖಾಲಿಯಾಗಿತ್ತು. ಮೊದಲು ತಮಾಷೆ ಮಾಡುತ್ತ ಕೇಳಿದರು. ಆಮೇಲೆ ಬೈದರು. ನನ್ನ ಅಪ್ಪನನ್ನು, ನಾನು ಬರೆಯುವ ಬರಹವನ್ನು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ದನಿ ಸಣ್ಣದಾಯಿತು. “ಅವ್ವಾ, ಒಂದು ಗುಟುಕು.” ಅವರು ನನ್ನನ್ನು ಅವ್ವಾ ಎಂದು ಅದುವರೆಗೆ ಕರೆದಿರಲಿಲ್ಲ.

ಅಕ್ಕ ತಡೆಯಲಾರದೆ ಒಳಗಿಂದ ಲೋಟ ತುಂಬಿ ತಂದರು. “ಕೊಡವಾ, ಒಂದಽ ಒಂದು ಗುಟುಕಿಗೆ ಏನಾಗ್ತೈತಿ? ಮನಶಾ ಅದಾನ ಅವನು, ಗಿಡ ಅಲ್ಲ.”

ಲೋಟ ಅವರ ಕೈಯಿಂದ ತೆಗೆದುಕೊಂಡೆ. ಒಳಗೆ ಎಲ್ಲಿ ಇಟ್ಟರೂ ಇನ್ನೊಂದು ಗಳಿಗೆಗೆ ಅದು ಅವರ ಬಾಯಿ ಮುಟ್ಟುತ್ತದೆ ಎಂದು ಗೊತ್ತಿತ್ತು. ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೆ ಸುರಿದೆ. ಮಂಚದಿಂದ ಬಾಗಿಲು ನೇರ ಕಾಣುತ್ತದೆ. ಸಿಮೆಂಟಿನ ಮೇಲೆ ಬಿದ್ದ ನೀರು ಇಂಗಲಿಲ್ಲ, ಹರಿದು ಮೋರಿಗೆ ಹೋಯಿತು. ಅದು ಹೋಗಿ ಮುಗಿಯುವ ತನಕ ಅವರು ನೋಡಿದರು.

“ನಾ ಕೊನೀಗೆ ಬಂದ್ನೇನು?” ಎಂದು ಕೇಳಿದರು.

ನಾನು ಖಾಲಿ ಲೋಟವನ್ನು ಅಕ್ಕನ ಕೈಗಿಟ್ಟೆ.

ಮರುದಿನ ಡಯಾಲಿಸಿಸ್‌ಗೆ ಕರೆದೊಯ್ಯಲು ಆಟೋ ಬರುವ ಮುಂಚೆ ಬೆಳಗಿನ ಜಾವ ಸರ್ ತೀರಿಹೋದರು. ಆ ದಿನದ ಬಾಟಲಿ ತುಂಬಿಟ್ಟಿದ್ದೆ. ನೀರು ಒಂದು ಗೆರೆಯೂ ಇಳಿದಿರಲಿಲ್ಲ. ಹಾಲ್‌ನಲ್ಲಿ ಮಲಗಿಸಿದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಟ್ಟರು. ಅವರ ಕೈಯಲ್ಲಿ ಬಾಟಲಿ ಖಾಲಿ ಮಾಡಿಸಿಕೊಂಡಿದ್ದ ಹಳೆಯ ಸವಾರರೂ ಬಿಟ್ಟರು. ನನ್ನ ಗೆಳತಿಯೂ ಬಂದು ಬಿಟ್ಟು ಹೋದಳು. ನನ್ನ ಸರದಿ ಬಂದಾಗ ಅಕ್ಕ ಚಮಚೆ ಹಿಂದಕ್ಕೆ ತೆಗೆದುಕೊಂಡರು. “ನೀ ಬಿಡಬ್ಯಾಡ. ನಿನ್ನ ಕೈ ನೀರು ಅವಗ ಬ್ಯಾಡ.” ದನಿ ಎತ್ತಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಕೆಲವು ದಿನಗಳ ನಂತರ ಹರಪನಹಳ್ಳಿಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಕಾಗದಗಳನ್ನು ತಿರುವಿ ನೋಡಿ, “ಒಂದು ಗುಟುಕು ಕೊಟ್ಟಿದ್ರೂ ಅಷ್ಟಽ ಇತ್ತಮ್ಮಾ, ಕೊಡದಿದ್ರೂ ಅಷ್ಟಽ” ಎಂದರು. ಸಮಾಧಾನವಾಗಲೆಂದು ಹೇಳಿದ್ದಿರಬೇಕು.

ಈಗ ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್. ಕೂಡ್ಲಿಗಿ ಕಡೆಯ ಕುರುಚಲು ಕಾಡಿನಲ್ಲಿ ಗರಸು ಹಾದಿಯ ಮೇಲೆ ಬಿಸಿಲಲ್ಲಿ ತಿರುಗುವ ಕೆಲಸ. ಜೊತೆಯವರು ಸುಸ್ತಾದ ಮೇಲೂ ನಾನು ನಡೆಯುತ್ತೇನೆ. ನನ್ನ ಸಂಬಳ, ನನ್ನ ಕಾಲು, ನೀರು ಕೇಳದ ನನ್ನ ಬಾಯಿ ಎಲ್ಲವೂ ಅವರು ಕೊಟ್ಟದ್ದು. ಅಕ್ಕನ ಮನೆಯ ಹಿಂಬಾಗಿಲು ನಮ್ಮ ಹಿತ್ತಲಿಗೆ ತೆರೆಯುತ್ತಿತ್ತು. ಅದಕ್ಕೀಗ ಅಗುಳಿ ಬಿದ್ದಿದೆ.

ಇದನ್ನು ಓದುವವರಲ್ಲಿ ಹೊಳಲು, ಹಡಗಲಿ ಕಡೆಯ ಹಿರಿಯರು ಇರಬಹುದು. ಹಿಂದೆ ಆ ಹೊಳೆದಂಡೆಯ ಮೇಲೆ ಹುಡುಗರಿಗೆ ಸೈಕಲ್ ಕಲಿಸುತ್ತ, ಕೊನೆಗೆ ಬಂದವನ ನೀರನ್ನು ಚೆಲ್ಲುತ್ತಿದ್ದವರು ಯಾರೆಂದು ಬಲ್ಲವರು ದಯವಿಟ್ಟು ಬರೆಯಿರಿ. ಹೆಸರು ಮರೆತಿದ್ದರೆ ಬೇಡ. ಮೀನಖಂಡದಲ್ಲಿ ಚಕ್ರದ ಹಲ್ಲಿನ ಗುರುತಿದ್ದ ಆ ಹುಡುಗನಿಗೆ, ಅವತ್ತು ಮನೆಗೆ ತಿರುಗಿ ಬರುವ ದಾರಿಯಲ್ಲಿ, ಯಾರಾದರೂ ನೀರು ಕೊಟ್ಟಿದ್ದರೇ ಎಂಬುದು ಗೊತ್ತಿದ್ದರೆ ಅದೊಂದನ್ನೇ ಬರೆಯಿರಿ.