ರೂಲ್ಸ್ ಐತೆ ರಂಗಣ್ಣ

ಆ ಕಾನೂನು ಮಾಡಿದವನು ನಾನು. ಜಾಹೀರಾತು ಅಂಟಿಸಿದ ಗಾಡಿಯ ಮೇಲೆ ಬೇರೆ ಒಂದು ಹೆಸರಾಗಲಿ, ಚಿತ್ರವಾಗಲಿ ಇರಕೂಡದು, ಇದ್ದರೆ ಪರ್ಮಿಷನ್ ಸಿಗುವುದಿಲ್ಲ — ಚಿತ್ರದುರ್ಗದಿಂದ ಹಿರಿಯೂರಿನವರೆಗೆ ಆಟೋದವರು ಇವತ್ತಿಗೂ ನಂಬಿಕೊಂಡಿರುವ ಈ ನಿಯಮ ಯಾವ ಸರ್ಕಾರದ್ದೂ ಅಲ್ಲ. ನನ್ನದು. ಅದನ್ನು ಹುಟ್ಟಿಸಿದ್ದು ಸೋಮಾರಿತನಕ್ಕೆ.

ದುರ್ಗದಲ್ಲಿ ನನ್ನದೊಂದು ಸ್ಟಿಕರ್ ಅಂಗಡಿ ಇದೆ. ಆಟೋ, ಟೆಂಪೋ, ವ್ಯಾನು — ಯಾವುದನ್ನು ತಂದು ನಿಲ್ಲಿಸಿದರೂ ಮೈತುಂಬ ಜಾಹೀರಾತು ಸುತ್ತಿ ಕಳಿಸುತ್ತೇನೆ. ಟ್ಯುಟೋರಿಯಲ್‌ನವನ ಹಲ್ಲು, ಸೀರೆ ಅಂಗಡಿಯವನ ಮೀಸೆ, ಯಾವ ಎಲೆಕ್ಷನ್ನೂ ಗೆಲ್ಲದ ಲೀಡರನ ಮುಗಿದ ಕೈ. ಇಂಥವನ್ನು ಅಂಟಿಸಿ ಅನ್ನ ತಿನ್ನುವವನಿಗೆ ಬಾಯಿ ಬೇರೆ ಜೋರು. ‘ಪರ್ಮಿಷನ್ ವಿಚಾರ ನಂಗೆ ಬಿಡ್ರಿ’ ಅನ್ನುತ್ತಿದ್ದೆ, ಆರ್‌ಟಿಒ ಕಚೇರಿ ನಮ್ಮಪ್ಪನ ಮನೆ ಅನ್ನುವ ಹಾಗೆ. ಗಾಡಿಗೆ ಜಾಹೀರಾತು ಹಾಕಲು ಅಲ್ಲಿ ಅನುಮತಿ ಪಡೆಯಬೇಕು ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಅರ್ಜಿ ಕೊಟ್ಟು ಅನುಮತಿ ತರುತ್ತಿದ್ದವನು ಏಜೆಂಟು. ನಿಯಮದಲ್ಲಿ ಏನಿದೆ ಎಂದು ನಾನು ಒಂದು ದಿನವೂ ಓದಿದವನಲ್ಲ.

ರಂಗಣ್ಣ ಹಿರೇಗುಂಟನೂರಿನವನು. ಕುರಿ ಕಾಯುವ ಮನೆತನದಲ್ಲಿ ಇವನೊಬ್ಬ ದುರ್ಗಕ್ಕೆ ಬಂದು ಆಟೋ ಹಿಡಿದ. ಇವನ ತಮ್ಮ ತಿಪ್ಪೇಶಿ ಬೋರ್ಡು ಬರೆಯುತ್ತಿದ್ದ. ನನ್ನಂಥವರ ಫ್ಲೆಕ್ಸ್ ಮೆಷಿನ್ನು ಬಂದ ಮೇಲೆ ಅವನಿಗೆ ಕೆಲಸ ಕಡಿಮೆಯಾಯಿತು, ಆಮೇಲೆ ಕಾಮಾಲೆಯಾಗಿ ತೀರಿಕೊಂಡ. ಬರೆದ ಬೋರ್ಡುಗಳನ್ನೆಲ್ಲ ಅಂಗಡಿಯವರು ಕಿತ್ತು ಫ್ಲೆಕ್ಸ್ ಹಾಕಿಕೊಂಡರು. ಉಳಿದದ್ದು ಮನೆಯವರ ಎರಡು ಗಾಡಿಗಳ ಬೆನ್ನು, ಅದರಲ್ಲೊಂದು ಅಣ್ಣನ ಆಟೋದ್ದು. ಅಲ್ಲಿ ‘ರಂಗಣ್ಣನ ಗಾಡಿ, ನಿಧಾನಕ್ಕೆ ಬರ್ರಿ’ ಎಂದು ಹಳದಿ ಅಕ್ಷರ, ಅದರ ಕೆಳಗೆ ಕತ್ತು ತಿರುಗಿಸಿ ಹಿಂದೆ ನೋಡುವ ಒಂದು ಕುರಿ. ಸಿಗ್ನಲ್ಲಿನಲ್ಲಿ ಹಿಂದೆ ನಿಂತವರು ಅದನ್ನು ನೋಡಿ ನಗುತ್ತಿದ್ದರು. ಅದು ರಂಗಣ್ಣನಿಗೆ ಹೆಮ್ಮೆ.

ಒಂದು ಟ್ಯುಟೋರಿಯಲ್ ಜಾಹೀರಾತಿಗೆ ಅವನ ಆಟೋ ನನ್ನ ಅಂಗಡಿಗೆ ಬಂತು. ಬೇಕೆಂದಿದ್ದರೆ ಕುರಿಯ ಸುತ್ತ ಸ್ಟಿಕರ್ ಕತ್ತರಿಸಿ ಕೂರಿಸಬಹುದಿತ್ತು. ಆದರೆ ಡಿಸೈನ್ ಬದಲಿಸಬೇಕು, ಆ ಟ್ಯುಟೋರಿಯಲ್‌ನವನ ಮಹಾಮುಖವನ್ನು ಒಂದು ಗೇಣು ಪಕ್ಕಕ್ಕೆ ಸರಿಸಬೇಕು... ಯಾರಿಗೆ ಬೇಕು ಆ ರಗಳೆ? ಬ್ಲೇಡು, ಥಿನ್ನರು ತೆಗೆದುಕೊಂಡು ನಿಂತೆ.

“ಇದೊಂದು ಬಿಟ್ಟು ಅಂಟ್ಸಾಕಾಗಲ್ವೇನಪ್ಪ? ನಮ್ ತಿಪ್ಪೇಶಿ ಬರ್ದಿದ್ದು,” ಅಂದ ರಂಗಣ್ಣ.

“ರೂಲ್ಸ್ ಐತೆ ರಂಗಣ್ಣ. ಬ್ಯಾರೆ ಏನಿದ್ರೂ ಪರ್ಮಿಷನ್ ಕೊಡಲ್ಲ. ಹಿಡುದ್ರೆ ಗಾಡಿ ಸೀಜು.”

ಎಷ್ಟು ಸಲೀಸಾಗಿ ಬಂತು ಆ ಮಾತು — ನಾಲಿಗೆ ತಡವರಿಸಲೂ ಇಲ್ಲ. ಅವನು ಕುರಿಯ ಮೇಲೆ ಒಮ್ಮೆ ಕೈಯಿಟ್ಟು, “ರೂಲ್ಸ್ ಅಂದ್ಮ್ಯಾಲೆ ಏನ್ ಮಾಡಾಕಾಗ್ತೈತೆ, ಕೆರ್ದ್ ಹಾಕಪ್ಪ,” ಅಂದು ಟೀ ಕುಡಿಯಲು ಹೋದ. ನೋಡುತ್ತ ನಿಲ್ಲಲಿಲ್ಲ. ನಾನು ಸೀಟಿ ಹಾಕುತ್ತ ಕೆರೆದೆ.

ಮುಂದಿನದಕ್ಕೆ ನಾನು ಕೈಯನ್ನೂ ಎತ್ತಬೇಕಾಗಲಿಲ್ಲ. ರಂಗಣ್ಣ ಸ್ಟ್ಯಾಂಡಿನಲ್ಲಿ ಹಿರಿಯ, ಅವನ ಮಾತಿಗೆ ತೂಕವಿತ್ತು. ನನ್ನ ಸುಳ್ಳನ್ನು ಅವನು ತನ್ನ ಬಾಯಿಂದ ಎಲ್ಲರಿಗೂ ಹೇಳಿದ. ಪಾಪ, ಯಾರ ಗಾಡಿಯೂ ಸೀಜ್ ಆಗಬಾರದು ಅಂತ. ಹೊಸದುರ್ಗದವರು ಮನೆದೇವರ ಹೆಸರು ಅಳಿಸಿದರು. ಹಿರಿಯೂರಿನ ಒಬ್ಬ ಮಗಳ ಹೆಸರು ಕೆರೆಸಿದ. ನಮ್ಮ ದಂಧೆಯವರು ಇನ್ನೂ ಗಟ್ಟಿಗರು — ತಾವೇ ಗೆಜೆಟ್ ಓದಿದವರಂತೆ ‘ಹೊಸ ರೂಲ್ಸು’ ಅನ್ನತೊಡಗಿದರು. ಬೋಳು ಗಾಡಿ ಬಂದರೆ ಅಂಟಿಸುವುದು ಸುಲಭ ನೋಡಿ. ನಿಜ ಹೇಳಲು ಒಬ್ಬನಿಗೂ ಬಾಯಿ ಬರಲಿಲ್ಲ, ನನ್ನನ್ನೂ ಸೇರಿಸಿ.

ಒಮ್ಮೆ ಏಜೆಂಟ್ ಊರಲ್ಲಿರಲಿಲ್ಲ, ನಾನೇ ಕಚೇರಿಗೆ ಹೋಗಬೇಕಾಯಿತು. ಅಲ್ಲಿದ್ದ ಗುಮಾಸ್ತೆ ಹೆಣ್ಣುಮಗಳನ್ನು ಈ ಬಗ್ಗೆ ಕೇಳಿದೆ. ಯಾಕೆ ಕೇಳಿದೆನೋ... ಸುಳ್ಳು ಹೇಗೋ ನಿಜವಾಗಿರಲಿ ಅನ್ನುವ ಆಸೆ ಇರಬೇಕು. “ನಂಬರ್ ಪ್ಲೇಟು, ಲೈಟು, ಗಾಜು ಮುಚ್ಚಂಗಿಲ್ಲ, ಅನುಮತಿ ಇಲ್ದೆ ಹಾಕಂಗಿಲ್ಲ. ಹೆಸ್ರು ಅಳುಸ್ರಿ ಅಂತ ಯಾರ್ ಹೇಳಿದ್ರು ನಿಮಗೆ? ಬಾಡಿಗೆ ಗಾಡಿ ಮ್ಯಾಲೆ ಮಾಲೀಕರ ಹೆಸ್ರು ಇರಬೇಕ್ರಿ,” ಅಂದರು. ಯಾರೋ ಹೇಳಿದರು ಅಂದೆ. ಅಲ್ಲಿಂದ ನೇರ ಸ್ಟ್ಯಾಂಡಿಗೆ ಹೋಗಬೇಕಿತ್ತು. ಅಂಗಡಿಗೆ ಹೋದೆ.

ಮೊನ್ನೆ ರಂಗಣ್ಣ ಮತ್ತೆ ಬಂದ. ಹೊಳಲ್ಕೆರೆಯಲ್ಲಿ ಅವನ ಭಾಮೈದ ಓಡಿಸುವ ಲಗೇಜ್ ಆಟೋ ತಂದಿದ್ದ, ಅದಕ್ಕೊಂದು ಜಾಹೀರಾತು ಸಿಕ್ಕಿತ್ತು. ಆ ಗಾಡಿ ನನಗೆ ಗೊತ್ತು. ಅದರ ಹಿಂಬದಿಯಲ್ಲೂ ತಿಪ್ಪೇಶಿಯ ಕುರಿಯಿತ್ತು, ಪಕ್ಕದಲ್ಲಿ ಮರಿ ಬೇರೆ. ಈ ಸಲವಾದರೂ ಉಳಿಸುತ್ತೇನೆ, ಏನೋ ಒಂದು ನೆಪ ಹೇಳಿ ಸುತ್ತ ಕತ್ತರಿಸುತ್ತೇನೆ ಅಂದುಕೊಂಡು ಹಿಂದಕ್ಕೆ ಹೋದೆ. ಅಲ್ಲಿ ಬರೀ ತಗಡು.

“ನಿಂಗೆ ತ್ರಾಸ್ ಬ್ಯಾಡ ಅಂತ ನಾನೇ ಕೆರ್ಕಂಡ್ ಬಂದೀನಿ,” ಅಂದ. ಕೈಯಿಂದ ಇನ್ನೂ ಥಿನ್ನರಿನ ವಾಸನೆ ಬರುತ್ತಿತ್ತು. “ತಿಪ್ಪೇಶಿ ಬರ್ದಿದ್ರಾಗೆ ಇದೇ ಕಡೇದಿತ್ತು. ಇರ್ಲಿ ಬಿಡು.”

ನಾನು ಟೇಪು ಹಿಡಿದು ಅಳತೆ ತೆಗೆದೆ. ಅಂಟಿಸುವ ಮೊದಲು ಅಭ್ಯಾಸದಂತೆ ತಗಡಿನ ಮೇಲೆ ಕೈಯಾಡಿಸಿದೆ — ಬಣ್ಣದ ಒಂದು ಚಕ್ಕೆಯೂ ಬೆರಳಿಗೆ ಸಿಗಲಿಲ್ಲ. ಅಷ್ಟು ಚೆನ್ನಾಗಿ ಕೆರೆದಿದ್ದ. ಅದರ ಮೇಲೆ ಒಂದು ಸೋಪಿನ ಪುಡಿಯ ಜಾಹೀರಾತು ಅಂಟಿಸಿ ಕಳಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ನಾಳೆ ಸ್ಟ್ಯಾಂಡಿಗೆ ಹೋಗುತ್ತೇನೆ. ಎಲ್ಲರ ಮುಂದೆ ಹೇಳುತ್ತೇನೆ, ರಂಗಣ್ಣನಿಗೆ ಮೊದಲು. ಅವನು ಬೈಯುವವನಲ್ಲ, ಹೊಡೆಯುವವನೂ ಅಲ್ಲ. ಏನು ಕೇಳುತ್ತಾನೆ ಅನ್ನುವುದು ನನಗೆ ಈಗಲೇ ಗೊತ್ತು — “ಹಂಗಾರೆ ಕೆರೀದಂಗೆ ಬಿಡಬೋದಿತ್ತಾ?”

ಬಿಡಬಹುದಿತ್ತು ರಂಗಣ್ಣ. ಎರಡೂ ಗಾಡಿಯಲ್ಲಿ.