ಬೆಂಡೆಕಾಯಿಗಾಗಿ ಊಟ ಬಿಟ್ಟ ಬಸ್ಸು

1998ರ ಬೇಸಿಗೆ. ನಾನು ಶಿವಮೊಗ್ಗದ ನವುಲೆಯ ಒಂದು ಲ್ಯಾಬ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮನೆ ಭದ್ರಾವತಿಯ ಕಾಗದನಗರದಲ್ಲಿ. ಬೆಂಡೆ ಗಿಡದ ಎಲೆ ಹಳದಿಯಾಗುವ ರೋಗದ ವೈರಸ್ಸನ್ನು ಡಿಎನ್‌ಎ ಮೂಲಕ ಗುರುತಿಸುವುದು ನನ್ನ ಕೆಲಸ. "ಇಷ್ಟೆಲ್ಲ ಓದಿ ಕೊನೆಗೆ ಬೆಂಡೆಕಾಯಿಗೆ ಬಂದ್ಯಾ?" ಎಂದು ಅಮ್ಮಿ ರೇಗಿಸುತ್ತಿದ್ದರು.

ನಮ್ಮಂಥ ಹೊಸ ಸಂಶೋಧಕರಿಗೆಂದೇ ಒಂದು ಸಂಘವಿತ್ತು. ಅದರ ಸದಸ್ಯರಲ್ಲಿ ಒಂದು ರೂಢಿ. ಯಾರ ಲ್ಯಾಬ್‌ನಲ್ಲಿ ಏನಾದರೂ ಮುಗಿದರೆ, ಇದ್ದವರು ಸ್ವಲ್ಪವನ್ನು ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಆ ಸಲ ಸಂಘದ ಸಭೆಯಲ್ಲಿ ಮಾತನಾಡಲು ನನಗೆ ಮೊದಲ ಬಾರಿ ಅವಕಾಶ ಸಿಕ್ಕಿತ್ತು. ಅಷ್ಟರಲ್ಲೇ ಡಿಎನ್‌ಎ ಕತ್ತರಿಸುವ ಕಿಣ್ವ ಮುಗಿದು ಕೊನೆಯ ಪ್ರಯೋಗ ನಿಂತುಹೋಯಿತು. "ರಿಸಲ್ಟ್ ಇಲ್ದೆ ಹೋಗೋದು ಬೇಡಮ್ಮ" ಎಂದರು ನಮ್ಮ ಸರ್. ಬೆಂಗಳೂರಿನ ಸುರೇಶ ಎಂಬ ಸದಸ್ಯರಿಗೆ ಫೋನ್ ಮಾಡಿದೆ. ಅವರ ಮುಖವನ್ನೂ ನಾನು ನೋಡಿರಲಿಲ್ಲ. "ಭಾನುವಾರದ ಬಸ್ಸಿಗೆ ಕಳಿಸ್ತೀನಿ, ಭದ್ರಾವತಿಲಿ ಇಳಿಸ್ಕೊಳ್ಳಿ" ಎಂದರು.

ನಾನು ಹುಟ್ಟಾ ಗಾಬರಿಯ ಹೆಣ್ಣು. ಬಸ್ಸು ಬರಬೇಕಾದ ಹೊತ್ತಿಗಿಂತ ಬಹಳ ಮೊದಲೇ ಸ್ಟ್ಯಾಂಡಿಗೆ ಹೋದೆ. ಆದರೂ ಅಲ್ಲಿನ ಹಣ್ಣಿನ ಅಂಗಡಿಯಾಕೆ, "ಬೆಂಗ್ಳೂರು ಬಸ್ಸಾ? ಆಗ್ಲೇ ಹೋಯ್ತಲ್ಲ ಮಾರಾಯ್ತಿ! ಕಂಡಕ್ಟರ್ ಇಳಿದು ನಸ್ರೀನ್, ನಸ್ರೀನ್ ಅಂತ ಕೂಗಿ ಕೂಗಿ ಹೋದ" ಎಂದಳು. ನನ್ನ ಜೀವ ಬಾಯಿಗೆ ಬಂತು. ಯಾವತ್ತೂ ತಡವಾಗುವ ಬಸ್ಸು ಇವತ್ತೇ ಬೇಗ ಬರಬೇಕಿತ್ತೆ? ಸಿಕ್ಕ ಬಸ್ ಹತ್ತಿ ಶಿವಮೊಗ್ಗಕ್ಕೆ ಹೊರಟೆ. ಹೊರಗೆ ಕೆಂಡದಂಥ ಬಿಸಿಲು. ದಾರಿಯುದ್ದಕ್ಕೂ ಐಸ್ ಕರಗಿ ಕಿಣ್ವ ಕೆಡುತ್ತಿರುವುದೇ ಕಣ್ಣ ಮುಂದೆ.

ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ಖಾಲಿ ನಿಂತಿತ್ತು. ಡ್ರೈವರ್ ಪಕ್ಕದಲ್ಲೇ ಟೀ ಕುಡಿಯುತ್ತಿದ್ದರು.

"ಕಂಡಕ್ಟರ್ ಎಲ್ಲಿ ಅಣ್ಣಾ?"

"ಡಬ್ಬಿ ತಗೊಂಡು ದೊಡ್ಡಾಸ್ಪತ್ರೆಗೆ ಓಡಿದ್ರು. ಯಾರೋ ನಸ್ರೀನ್ ಅಂತೆ. ಪಾಪ, ಉಳಿಯೋದು ಕಷ್ಟ ಅಂತೆ."

"ನಾನೇ ನಸ್ರೀನ್" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಖಾಕಿ ಬಟ್ಟೆಯ, ನಡುವಯಸ್ಸಿನ ಕಂಡಕ್ಟರ್ ಡಬ್ಬಿಯನ್ನು ಎದೆಗವಚಿಕೊಂಡು ವಾರ್ಡಿನಿಂದ ವಾರ್ಡಿಗೆ ನನ್ನ ಹೆಸರು ವಿಚಾರಿಸುತ್ತಿದ್ದರು. ಡಬ್ಬಿಗೆ ಒದ್ದೆ ಟವೆಲ್ ಸುತ್ತಿದ್ದರು.

"ಅದು ನಂದೇ ಅಣ್ಣಾ. ನಾನೇ ನಸ್ರೀನ್."

"ಓಡಾಡ್ತಿದ್ದೀರಾ?" ಎಂದರು ಅವರು, ನಂಬಲಾಗದೆ. "ಐಸ್ ಕರಗಿದ್ರೆ ಮುಗೀತು, ನಸ್ರೀನ್‌ಗೆ ಬೇರೆ ದಾರಿನೇ ಇಲ್ಲ ಅಂದ್ರಲ್ಲ ಬೆಂಗ್ಳೂರಲ್ಲಿ? ಭದ್ರಾವತಿಲಿ ಯಾರೂ ಬರ್ಲಿಲ್ಲ. ಅಡ್ಮಿಟ್ ಮಾಡಿರ್ಬೇಕು ಅಂದ್ಕೊಂಡೆ."

ಸುರೇಶ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮೆಲ್ಲಗೆ ನಿಜ ಹೇಳಿದೆ.

"ಬೆಂಡೆಕಾಯಿಗಾ?" ಎಂದು ಅವರು ಬೆಂಚಿನ ಮೇಲೆ ಕುಸಿದು ಕೂತರು. "ಊಟಕ್ಕೆ ನಿಲ್ಸದೆ ಬಂದ್ವಲ್ಲಮ್ಮ! ಒಂದು ಜೀವ ಇದೆ ಅಂತ ಪ್ಯಾಸೆಂಜರ್‌ಗಳನ್ನ ಕೇಳ್ದೆ. ಒಬ್ರೂ ಬೇಡ ಅನ್ಲಿಲ್ಲ. ತರೀಕೆರೆಲಿ ಸೋಡಾ ಅಂಗಡಿಯವನು ಹೊಸ ಐಸ್ ಕೊಟ್ಟ." ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಮುಖ ಒರೆಸಿಕೊಂಡು, "ಹೋಗ್ಲಿ ಬಿಡಿ. ಯಾರಿಗೂ ಏನೂ ಆಗಿಲ್ವಲ್ಲ, ಅಷ್ಟು ಸಾಕು" ಎಂದು ಡಬ್ಬಿ ಕೊಟ್ಟರು. ಮುಚ್ಚಳ ತೆಗೆದು ನೋಡಿದರೆ ಐಸ್ ಇನ್ನೂ ಗಟ್ಟಿಯಾಗಿತ್ತು.

ಹೊರಡುವಾಗ ಅವರು ತಡೆದು ಹೇಳಿದರು: "ಒಬ್ರು ಅಜ್ಜಿ ಬಸ್ಸಲ್ಲಿ ನಿಮ್ಮ ಹೆಸರು ಕೇಳ್ಕೊಂಡು ದಾರಿಯುದ್ದಕ್ಕೂ ಕೈ ಮುಗೀತಾ ಇದ್ರು. ಭದ್ರಾವತಿಲಿ ಇಳ್ಕೊಂಡ್ರು."

ಪ್ರಯೋಗ ಗೆದ್ದಿತು, ಸಭೆಯಲ್ಲಿ ಮಾತನಾಡಿದೆ. ಈ ಕಥೆ ಕೇಳಿ ಸುರೇಶ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಾನೂ ನಕ್ಕೆ. ಈಗ ನಾನೇ ಕಿರಿಯರಿಗೆ ಡಬ್ಬಿ ಕಳಿಸುತ್ತೇನೆ. ಮೇಲೆ ದಪ್ಪಕ್ಷರದಲ್ಲಿ "ಇದು ಔಷಧಿಯಲ್ಲ, ಊಟ ಮಾಡಿಕೊಂಡೇ ಬನ್ನಿ" ಎಂದು ಬರೆಯುತ್ತೇನೆ.

ಆದರೆ ಒಂದು ಕೊರಗು ಇವತ್ತಿಗೂ ಹೋಗಿಲ್ಲ. ಅಜ್ಜಿ ಇಳಿದಾಗ ನಾನೂ ಅದೇ ಊರಿನಲ್ಲೇ ಇದ್ದೆ. ಹಸಿದುಕೊಂಡು ನನಗಾಗಿ ಕೈ ಮುಗಿದ ಆ ಜೀವಕ್ಕೆ, ನಸ್ರೀನ್ ಬದುಕಿದ್ದಾಳೆ ಎಂದು ಯಾರೂ ಹೇಳಲೇ ಇಲ್ಲ.